ಬೂಟಮ್ಮ ಬರೆಯದ ನಾಲ್ಕು ಸಾಲು

ಆ ದೊಡ್ಡಾಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬಾಯಲ್ಲೂ ಅವಳು ಬೂಟಮ್ಮ. ಕಾಲಿಗೆ ಬೂಟು ಹಾಕುತ್ತಾಳೆಂದಲ್ಲ. ಹಾಕುತ್ತಿದ್ದುದು ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ. ಬೆಳಿಗ್ಗೆ ಗುಂಡಿ ಒತ್ತಿದೊಡನೆ ಕಂಪ್ಯೂಟರ್ ಎದ್ದು ಕೆಲಸಕ್ಕೆ ನಿಲ್ಲುವುದನ್ನು ಬೂಟ್ ಆಗುವುದು ಅನ್ನುತ್ತಾರಲ್ಲ, ಆ ಏಳಿಸುವ ಕೆಲಸ ಅವಳದು. ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡಿತು. ಅವಳಿಗೂ ಬೇಸರವಿರಲಿಲ್ಲ. ಐವತ್ತೊಂದು ವರ್ಷದ, ಮದುವೆಯಾಗದ, ಮಾತು ಕಡಿಮೆಯ ಹೆಂಗಸು. ನೆಲಮಾಳಿಗೆಯ ಕೋಣೆಯಲ್ಲಿ, ಸರ್ವರಿನ ಫ್ಯಾನುಗಳ ಗುಂಯ್ ಸದ್ದಿನ ನಡುವೆ ಇಪ್ಪತ್ತು ವರ್ಷ ಕೂತವಳು. ಆ ಸದ್ದಿನಿಂದಾಗಿ ಮನೆಯಲ್ಲೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಿದ್ದಳು.

ಅವಳ ಕೆಲಸ ಎಂಥದೆಂದು ಒಂದಿಷ್ಟು ಹೇಳಲೇಬೇಕು. ಇಲ್ಲದಿದ್ದರೆ ಅವಳಿಗಾದ ಮೋಸ ಎಂಥದೆಂದು ತಿಳಿಯುವುದಿಲ್ಲ.

ಆಸ್ಪತ್ರೆಯ ಕಂಪ್ಯೂಟರುಗಳಿಗೆ ಸ್ವಂತ ಡಿಸ್ಕ್ ಇರಲಿಲ್ಲ, ಹಾಗಾಗಿ ಸ್ವಂತ ನೆನಪೂ ಇರಲಿಲ್ಲ. ರಾತ್ರಿ ಆರಿಸಿದರೆ ಬೆಳಿಗ್ಗೆ ಎಲ್ಲ ಮರೆತು ಏಳುತ್ತಿದ್ದವು. ಎದ್ದ ಕೂಡಲೇ ತಂತಿಯ ಮೂಲಕ ನೆಲಮಾಳಿಗೆಯ ಸರ್ವರನ್ನು ಕೂಗಿ, ನಾನು ಯಾರು, ಏನು ಮಾಡಲಿ ಎಂದು ಕೇಳುತ್ತಿದ್ದವು. ಸರ್ವರ್ ಒಂದು ಸ್ಕ್ರಿಪ್ಟ್ ಕಳಿಸುತ್ತಿತ್ತು. ಮೂವತ್ತು ಸಾಲಿನ ಚೀಟಿ, ಅಷ್ಟೇ. ಇಂಥ ಕಡೆ ಹೋಗು, ಇದನ್ನು ತಗೋ, ಅದನ್ನು ಶುರು ಮಾಡು ಎಂದು ಅದರಲ್ಲಿ ಬರೆದಿರುತ್ತಿತ್ತು. ಆ ಚೀಟಿ ಬರೆಯುತ್ತಿದ್ದವಳು ಬೂಟಮ್ಮ.

ದೊಡ್ಡಾಸ್ಪತ್ರೆಯ ಯಂತ್ರಗಳು ಹೊಸವು, ಏನು ಬರೆದರೂ ತಿಳಿದುಕೊಳ್ಳುತ್ತಿದ್ದವು. ತಾಪತ್ರಯವಿದ್ದದ್ದು ಹೊರಗಿನ ಒಂಬತ್ತು ಸಣ್ಣ ಆಸ್ಪತ್ರೆಗಳಲ್ಲಿ. ಅಲ್ಲಿದ್ದ ಇಪ್ಪತ್ತಮೂರು ಯಂತ್ರಗಳು ದೊಡ್ಡಾಸ್ಪತ್ರೆ ಬಳಸಿ ಬಿಟ್ಟವು. ಎದ್ದ ಕೂಡಲೇ ಯಾರನ್ನು ಕೂಗಬೇಕು, ಯಾವ ಯಾವ ಮಾತು ತಿಳಿಯಬೇಕು ಅನ್ನುವ ಬುದ್ಧಿಯನ್ನು ಕಾರ್ಖಾನೆಯಲ್ಲೇ ಚಿಪ್‌ನೊಳಗೆ ಬರೆದುಬಿಟ್ಟಿರುತ್ತಾರೆ. ಫರ್ಮ್‌ವೇರ್ ಅನ್ನುವುದು ಅದಕ್ಕೇ. ಬರೆದ ಕಂಪನಿಗಳು ಬಾಗಿಲು ಹಾಕಿ ಬಹಳ ಕಾಲವಾಗಿತ್ತು, ಬದಲಿಸುವವರು ಯಾರೂ ಇರಲಿಲ್ಲ. ಆ ಹಳೆಯ ಬುದ್ಧಿಗೆ ಬರುತ್ತಿದ್ದುದು ನಾಲ್ಕಾರು ಮಾತು. ಗೊತ್ತಿಲ್ಲದ ಒಂದು ಮಾತು ಚೀಟಿಯಲ್ಲಿ ಕಂಡರೆ ಕೇಳುವುದೂ ಇಲ್ಲ, ಬಿಟ್ಟು ಮುಂದೆ ಹೋಗುವುದೂ ಇಲ್ಲ. ಕರಿ ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಣುಕಿಸುತ್ತ ನಿಂತುಬಿಡುತ್ತಿದ್ದವು. ಎಷ್ಟು ಬೈದರೂ ಅಷ್ಟೇ.

ಹೀಗಾಗಿ ಬೂಟಮ್ಮ ಒಂದು ರೂಢಿ ಮಾಡಿಕೊಂಡಿದ್ದಳು. ಹೊಸ ಮಾತನ್ನು ಎಂದೂ ನೇರವಾಗಿ ಬರೆಯುವವಳಲ್ಲ. ಈ ಮಾತು ನಿನಗೆ ಬರುತ್ತದೆಯೋ ಎಂದು ಮೊದಲು ಕೇಳುವುದು, ಬಾರದಿದ್ದರೆ ಪರವಾಗಿಲ್ಲ, ನೀನು ಹಳೆಯ ದಾರಿಯಲ್ಲೇ ಹೋಗು ಎನ್ನುವುದು. ಮನೆಯ ಹಿರಿಯರೊಡನೆ ಮಾತಾಡಿದಂತೆ ಮಾತಾಡಬೇಕು ಕಣೋ ಎಂದು ತಮ್ಮನಿಗೆ ಹೇಳಿಕೊಡುತ್ತಿದ್ದಳು. ಹಳೆಯ ಯಂತ್ರಗಳಲ್ಲಿ ನಾಲ್ಕು ಜಾತಿ. ಒಂದೊಂದು ಜಾತಿಯದೂ ಒಂದೊಂದನ್ನು ಉಗ್ರಾಣದ ಮೇಜಿನ ಮೇಲೆ ಇಟ್ಟುಕೊಂಡು ಅವಕ್ಕೆ ಹೆಸರಿಟ್ಟಿದ್ದಳು. https ಎಂದು ಶುರುವಾಗುವ, ಬೀಗ ಹಾಕಿದ ಹೊಸ ಬಗೆಯ ವಿಳಾಸ ತಿಳಿಯದ್ದು ಕಿವುಡಜ್ಜ. ಹತ್ತು ಎಣಿಸುವವರೆಗೆ ಕಾಯಿ ಅಂದರೆ ಸಿಟ್ಟು ಬಂದವರ ಹಾಗೆ ಸೆಟೆದು ನಿಲ್ಲುವುದು ಮುಂಗೋಪಿ. ಇದಾಗದಿದ್ದರೆ ಅದು ಮಾಡು ಅನ್ನುವುದು ತಲೆಗೇ ಹೋಗದ್ದು ಮೊಂಡ. ಸಾಲು ಉದ್ದವಾದರೆ ಅರ್ಧ ನುಂಗಿ ಅರ್ಧ ಉಗುಳುವುದು ಅರೆಹೊಟ್ಟೆ. ಯಾವ ಚೀಟಿಯೇ ಆಗಲಿ, ಈ ನಾಲ್ಕೂ ಓದಿ ಎದ್ದು ನಿಂತ ಮೇಲೆಯೇ ಹೊರಗೆ ಹೋಗಬೇಕು. ಆ ಯಂತ್ರಗಳು ಹೊರಗೆ ಹೋದಾಗಿನಿಂದ ಹದಿನಾಲ್ಕು ವರ್ಷ ಒಂದು ದಿನವೂ ಇದು ತಪ್ಪಿರಲಿಲ್ಲ.

ಯಾವುದಕ್ಕೆ ಏನು ಆಗಿಬರುವುದಿಲ್ಲ ಎಂಬುದನ್ನೆಲ್ಲ ಒಂದು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಆ ಪುಟಗಳ ತಲೆಯ ಮೇಲೆ ‘ಬರೆಯಬಾರದ್ದು’ ಎಂದು ದಪ್ಪಕ್ಷರದಲ್ಲಿ ಇರುತ್ತಿತ್ತು. ಒಂದೊಂದು ಸಾಲಿನ ಹಿಂದೆಯೂ ವಾರಗಟ್ಟಲೆ ತಲೆ ಕೆಡಿಸಿಕೊಂಡ ಕತೆಯಿತ್ತು.

ಇನ್ನು ತಮ್ಮನ ವಿಷಯ. ಅಮ್ಮ ಹೋದಾಗ ಅವನಿಗೆ ಒಂಬತ್ತು, ಇವಳಿಗೆ ಹತ್ತೊಂಬತ್ತು. ತಲೆ ಬಾಚಿ ಶಾಲೆಗೆ ಕಳಿಸಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಅವನು ಇಷ್ಟಪಟ್ಟ ಹುಡುಗಿಯ ಮನೆಗೆ ಹೋಗಿ ಹೆಣ್ಣು ಕೇಳಿದವಳು, ಎಲ್ಲ ಇವಳೇ. ಹನ್ನೊಂದು ವರ್ಷದ ಕೆಳಗೆ ಆಸ್ಪತ್ರೆಯಲ್ಲಿ ಇನ್ನೊಬ್ಬರು ಬೇಕು ಅಂದಾಗ ನನ್ನ ತಮ್ಮನಿದ್ದಾನೆ, ಹೊಣೆ ನನ್ನದು ಎಂದು ಕರೆತಂದಳು. ಅವನ ಕೈಯೂ ಚುರುಕು. ಅಕ್ಕ ಒಂದು ಗಂಟೆಯಲ್ಲಿ ಮಾಡುವುದನ್ನು ಅವನು ಕಾಲು ಗಂಟೆಯಲ್ಲಿ ಮಾಡಿ ಶಿಳ್ಳೆ ಹಾಕುತ್ತ ಕೂರುತ್ತಿದ್ದ. ಮೂರು ವರ್ಷದ ಹಿಂದೆ ಅವಳಿಗೆ ಪಿತ್ತಕೋಶದ ಆಪರೇಷನ್ ಆಯಿತು. ನನಗೇನಾದರೂ ಆದರೆ ಆ ಮುದಿ ಯಂತ್ರಗಳ ಗತಿಯೇನು ಎಂದು ರಟ್ಟಿನ ಪುಸ್ತಕ ತರಿಸಿ ಅವನ ಕೈಗೆ ಕೊಟ್ಟಳು. ಅವಳ ಹಾಸಿಗೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಒಂದೇ ದಿನದಲ್ಲಿ ಪೂರ್ತಿ ನಕಲು ಮಾಡಿಕೊಂಡ. ಅರಿವಳಿಕೆಯ ಮಂಪರಿನಲ್ಲೂ ಅವಳಿಗೆ ಹೆಮ್ಮೆಯೆನಿಸಿತ್ತು.

ಅವಳು ಮಾಡಿದ ತಪ್ಪು ಒಂದೇ, ಅದನ್ನೂ ಹೇಳಿಬಿಡಬೇಕು. ಸರ್ವರಿನೊಳಗೆ ಹೋಗಲು ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತು, ಬೇರೆ ಬೇರೆ ಪಾಸ್‌ವರ್ಡ್ ಇರಬೇಕೆಂಬುದು ನಿಯಮ. ಯಾರು ಏನು ಮಾಡಿದರೆಂದು ಯಂತ್ರವೇ ಬರೆದುಕೊಳ್ಳುತ್ತದೆ. ಇವಳೋ, ನಾನು ಬೇರೆಯಾ ನೀನು ಬೇರೆಯಾ ಎಂದು ತನ್ನದನ್ನೇ ಅವನಿಗೂ ಕೊಟ್ಟುಬಿಟ್ಟಿದ್ದಳು. ಒಂದೇ ಮನೆ, ಒಂದೇ ಒಲೆ, ಒಂದೇ ಪಾಸ್‌ವರ್ಡ್. ಅವನು ಏನು ಮಾಡಿದರೂ ಅವಳ ಹೆಸರಿಗೇ ಬರೆದುಕೊಳ್ಳುತ್ತಿತ್ತು. ಇಂಥ ದಡ್ಡತನವನ್ನು ಹೊರಗಿನವರು ಮಾಡುವುದಿಲ್ಲ ಬಿಡಿ, ಒಡಹುಟ್ಟಿದವರೇ ಮಾಡಬೇಕು.

ಹೋದ ವರ್ಷ ಹೊಸ ನಿರ್ದೇಶಕ ಬಂದ. ಬಂದವನೇ ಒಂಬತ್ತು ಸಣ್ಣ ಆಸ್ಪತ್ರೆಗಳನ್ನು ಮುಚ್ಚಿ ಎಲ್ಲವನ್ನೂ ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂದ. ಚೆನ್ನಾಗಿ ನಡೆಯುತ್ತಿರುವುದನ್ನು ಮುಚ್ಚುತ್ತೇನೆಂದರೆ ಜನ ಸುಮ್ಮನಿರುತ್ತಾರೆಯೇ? ಅದಕ್ಕೇ ಯಂತ್ರಗಳ ಮೇಲೆ ಕೈಯಿಟ್ಟ. ಹಳೆಯವು, ಇವತ್ತೋ ನಾಳೆಯೋ ಕೈಕೊಡುತ್ತವೆ, ರೋಗಿಗಳ ದಾಖಲೆಯನ್ನು ಇವುಗಳ ಕೈಗೆ ಬಿಟ್ಟು ಕೂರಲಾಗದು ಎಂದು ವರದಿ ಬರೆಸಿ ಆಸ್ಪತ್ರೆಯ ಆಡಳಿತ ಸಮಿತಿಯ ಮುಂದಿಟ್ಟ. ಸಮಿತಿಯ ಮುಖ್ಯಸ್ಥೆ ಒಬ್ಬ ಹಿರಿಯ ಡಾಕ್ಟರಮ್ಮ. ನೇರ ನಡೆಯ ಹೆಂಗಸು; ಯಾರೋ ಅಂದದ್ದನ್ನು ಕೇಳಿ ಸಹಿ ಹಾಕುವವಳಲ್ಲ. ಒಂದು ದಿನ ಗೊತ್ತುಮಾಡಿ, ಬೆಳಿಗ್ಗೆ ಒಂಬತ್ತಕ್ಕೆ ಇಪ್ಪತ್ತಮೂರನ್ನೂ ಒಟ್ಟಿಗೆ ಶುರು ಮಾಡೋಣ, ಎದ್ದರೆ ಇನ್ನೂ ಐದು ವರ್ಷ ಮುಚ್ಚುವ ಮಾತಿಲ್ಲ, ಏಳದಿದ್ದರೆ ಮುಚ್ಚುವುದು ಎಂದು ತೀರ್ಮಾನ ಕೊಟ್ಟಳು. ಬೂಟಮ್ಮನನ್ನು ಕರೆಸಿ ಕೇಳಿದಾಗ ಅವಳು, ಒಂದೂ ಕೈಕೊಡುವುದಿಲ್ಲ ಎಂದು ಮಾತು ಕೊಟ್ಟಳು.

ಮಾತು ಕೊಡುವಾಗ ಅವಳ ಕಣ್ಣ ಮುಂದಿದ್ದವಳು ಒಬ್ಬ ನರ್ಸಮ್ಮ. ಎಲ್ಲಕ್ಕಿಂತ ದೂರದ ಸಣ್ಣ ಆಸ್ಪತ್ರೆ ಅವಳದು, ಬಸ್ಸಿನಲ್ಲಿ ಎರಡು ಗಂಟೆ. ಒಂದೂವರೆ ಕೋಣೆ, ಒಂದು ಬೆಂಚು, ಮಕ್ಕಳ ತೂಕದ ತಕ್ಕಡಿ, ಎರಡು ಯಂತ್ರ. ವಾರಕ್ಕೆ ನೂರಮೂವತ್ತು ಜನ ಬರುತ್ತಿದ್ದರು. ಅವರಲ್ಲಿ ಕೆಲವರು ದಿನಾ ಬಂದು ಅವಳೆದುರೇ ಮಾತ್ರೆ ನುಂಗಿ ಹೋಗಬೇಕಾದವರು. ಯಾರಿಗೆ ಎಷ್ಟನೆಯ ದಿನ, ಯಾವ ಮಾತ್ರೆ ಎಂಬುದೆಲ್ಲ ಯಂತ್ರದಲ್ಲಿ. ಇದು ಮುಚ್ಚಿದರೆ ಅವರೆಲ್ಲ ಎರಡು ಗಂಟೆ ಬಸ್ಸಿನಲ್ಲಿ ಬರುತ್ತಾರೆಂದು ಕಾಗದದಲ್ಲಿ ಬರೆಯಬಹುದು, ಅಷ್ಟೇ. ಒಮ್ಮೆ ಫೋನಿನಲ್ಲಿ ನರ್ಸಮ್ಮ, “ಯಾರೂ ಬರಲ್ಲ ಬೂಟಮ್ಮ. ಮನೇಲೇ ಕೆಮ್ಮಿ ಕೆಮ್ಮಿ ಹೋಗಿಬಿಡ್ತಾರೆ. ನಿಮ್ಮ ಕೈಲಿದೆ,” ಅಂದಿದ್ದಳು. ಅದು ಬೂಟಮ್ಮನ ಎದೆಯಲ್ಲಿ ಕೂತಿತ್ತು.

ಪರೀಕ್ಷೆಯ ದಿನದಿಂದಲೇ ಹೊಸ ಸರ್ವರ್ ಶುರುವಾಗುವುದಿತ್ತು. ಅದರ ವಿಳಾಸವೂ ಬದಲಾದ್ದರಿಂದ ಆ ಬೆಳಿಗ್ಗೆಗೆ ಹೊಸ ಚೀಟಿ ಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಬೂಟಮ್ಮ ಅದನ್ನು ಬರೆದು, ಉಗ್ರಾಣದ ನಾಲ್ಕರ ಮುಂದೂ ಇಟ್ಟಳು. ಕಿವುಡಜ್ಜ ಎದ್ದ, ಮುಂಗೋಪಿ ಎದ್ದ, ಮೊಂಡ ಎದ್ದ, ಅರೆಹೊಟ್ಟೆಯೂ ಎದ್ದಿತು. ಡಾಕ್ಟರಮ್ಮ ಆ ದೂರದ ಆಸ್ಪತ್ರೆಯಲ್ಲೇ ನಿಂತು ನೋಡುತ್ತೇನೆಂದಿದ್ದಳು. ಬೂಟಮ್ಮನಿಗೂ ನರ್ಸಮ್ಮನ ಪಕ್ಕದಲ್ಲಿ ನಿಲ್ಲಬೇಕೆಂಬ ಆಸೆ. ತಮ್ಮನೇ, “ನೀನು ಹೋಗಿ ಬಾ ಅಕ್ಕ. ಎಂಟು ಗಂಟೆಗೆ ನಿನ್ನ ಚೀಟಿ ಫೈಲನ್ನ ಸರ್ವರಿಗೆ ನಾನು ಹಾಕ್ತೀನಿ,” ಅಂದ. ಎಷ್ಟು ಒಳ್ಳೆಯವನು ಅನ್ನಿಸಿತು ಅವಳಿಗೆ.

ಬೆಳಿಗ್ಗೆ ಒಂಬತ್ತಕ್ಕೆ ನರ್ಸಮ್ಮ ಎರಡೂ ಯಂತ್ರಗಳ ಗುಂಡಿ ಒತ್ತಿದಳು. ಬೆಂಚಿನ ಮೇಲೆ ಆರೇಳು ಜನ ಕೂತಿದ್ದರು. ಪರದೆ ಬೆಳಗಿತು, ಸರ್ವರನ್ನು ಕೂಗಿತು, ಸರ್ವರ್ ಓಗೊಟ್ಟಿತು, ಚೀಟಿ ಬಂತು. ಆಮೇಲೆ ಎರಡೂ ಕಪ್ಪಾದವು. ಬಿಳಿ ಗೆರೆ ಮಿಣುಕಿತು. ಇಷ್ಟು ಹೊತ್ತು ಹೀಗೇ ಇರುತ್ತಾ ಎಂದು ಡಾಕ್ಟರಮ್ಮ ಕೇಳಿದಳು. ಆರಿಸಿ ಮತ್ತೆ ಹಾಕಿದರು. ಮತ್ತೆ ಅದೇ. ಅಷ್ಟರಲ್ಲಿ ಫೋನು ಬರತೊಡಗಿತು, ಒಂದಾದ ಮೇಲೊಂದು, ಎಂಟು ಕಡೆಯಿಂದಲೂ. ಇಪ್ಪತ್ತಮೂರರಲ್ಲಿ ಒಂದೂ ಎದ್ದಿರಲಿಲ್ಲ. ತಮ್ಮನಿಗೆ ಫೋನು ಮಾಡಿದರೆ, ನಾನು ಹಾಕಿದ್ದು ನೀನು ಕೊಟ್ಟ ಫೈಲೇ, ಇಲ್ಲಿ ದೊಡ್ಡಾಸ್ಪತ್ರೆಯಲ್ಲೆಲ್ಲ ಚೆನ್ನಾಗಿ ಎದ್ದಿವೆ, ಆ ಮುದಿಯವಕ್ಕೇ ಏನೋ ಆಗಿರಬೇಕು ಅಂದ. ಡಾಕ್ಟರಮ್ಮ ಅರ್ಧ ಗಂಟೆ ಕಾದಳು. ಆಮೇಲೆ ಚೀಲದಿಂದ ಕಾಗದ ತೆಗೆದು ಏನೋ ಬರೆದುಕೊಂಡಳು. ಸಮಿತಿ ಕೂಡುವವರೆಗೆ ಸರ್ವರಿನಲ್ಲಿ ಯಾರೂ ಏನನ್ನೂ ಬದಲಿಸಕೂಡದು ಅಂದಳು. ನರ್ಸಮ್ಮ ಮಾತ್ರೆಗೆ ಬಂದವರ ಕಡೆ ತಿರುಗಿ, ನಿಮ್ಮದು ಎಷ್ಟನೇ ದಿನ, ನಿಮಗೇ ನೆನಪಿದೆಯಾ ಎಂದು ಒಬ್ಬೊಬ್ಬರನ್ನೇ ಕೇಳತೊಡಗಿದಳು.

ಹಿಂತಿರುಗುವ ಎರಡು ಗಂಟೆ ಬೂಟಮ್ಮ ತನ್ನನ್ನೇ ಬೈದುಕೊಂಡಳು. ಎಲ್ಲಿ ತಪ್ಪಿದೆ, ಯಾವುದನ್ನು ನೋಡದೆ ಬಿಟ್ಟೆ ಎಂದು ಮೂವತ್ತು ಸಾಲನ್ನೂ ಮನಸ್ಸಿನಲ್ಲೇ ಓದಿಕೊಂಡಳು. ಎಲ್ಲೂ ತಪ್ಪು ಸಿಗಲಿಲ್ಲ. ಮಧ್ಯಾಹ್ನ ನೆಲಮಾಳಿಗೆಗೆ ಬಂದಾಗ ತಮ್ಮ ಊಟಕ್ಕೆ ಹೋಗಿದ್ದ. ಸರ್ವರಿನಲ್ಲಿದ್ದ ಚೀಟಿ ತೆಗೆದಳು. ಮೂವತ್ತನಾಲ್ಕು ಸಾಲಿತ್ತು.

ಮೊದಲ ಹೆಚ್ಚಿನ ಸಾಲು ಕಂಡಾಗ, ಅಯ್ಯೋ, ಅವಸರದಲ್ಲಿ ಏನೋ ಸೇರಿಸಿದ್ದಾನೆ ಪಾಪ, ಅಂದುಕೊಂಡಳು. ನೋಡಿ, ಆಗಲೂ ಪಾಪ ಅಂದಳು. ಎರಡನೆಯದು ಕಂಡಾಗ ಕೈ ನಿಂತಿತು. ಬೀಗ ಹಾಕಿದ ವಿಳಾಸ ಒಂದು, ಅದು ಕಿವುಡಜ್ಜನಿಗೆ. ಹತ್ತು ಎಣಿಸುವವರೆಗೆ ಕಾಯಿ ಎಂದು ಒಂದು, ಅದು ಮುಂಗೋಪಿಗೆ. ಇದಾಗದಿದ್ದರೆ ಅದು ಮಾಡು ಎಂದು ಒಂದು, ಅದು ಮೊಂಡನಿಗೆ. ಇನ್ನೊಂದು ಪರದೆಯ ಅಂಚು ದಾಟುವಷ್ಟು ಉದ್ದದ ಸಾಲು, ಅರ್ಧ ನುಂಗಿ ಸಾಯಲಿ ಎಂದು. ನಾಲ್ಕು ಜಾತಿಗೆ ನಾಲ್ಕು ಸಾಲು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೊಸ ಯಂತ್ರಗಳಿಗೆ ಇವುಗಳಿಂದ ಕೂದಲೂ ಕೊಂಕದು. ಗೊತ್ತಿಲ್ಲದೆ ಬರೆದವನಾದರೆ ಒಂದನ್ನು ಕೆಡಿಸಿಯಾನು, ಎರಡನ್ನು ಕೆಡಿಸಿಯಾನು. ನಾಲ್ಕನ್ನೂ ಹೀಗೆ ಗುರಿಯಿಟ್ಟು ಹೊಡೆಯಬೇಕಾದರೆ ‘ಬರೆಯಬಾರದ್ದು’ ಎಂಬ ಪುಟಗಳನ್ನು ಮುಂದಿಟ್ಟುಕೊಂಡೇ ಬರೆಯಬೇಕು. ಹದಿನಾಲ್ಕು ವರ್ಷ ಅವು ಬದುಕಲಿ ಎಂದು ಅವಳು ಗುರುತು ಹಾಕಿಟ್ಟದ್ದನ್ನೇ ಹುಡುಕಿ ಹುಡುಕಿ ಅವುಗಳ ಗಂಟಲಿಗೆ ತುರುಕಿದ್ದ. ಅಷ್ಟೇ ಅಲ್ಲ, ಸಾಲಿನ ಮುಂದೆ ಎರಡು ಜಾಗ ಬಿಟ್ಟು ಬರೆಯುವ ಅವಳ ಅಭ್ಯಾಸವನ್ನೂ ಬಿಡದೆ, ಥೇಟು ಅವಳು ಬರೆದ ಹಾಗೆಯೇ ಬರೆದಿದ್ದ.

ಅಳು ಬರಲಿಲ್ಲ. ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರಲ್ಲ, ಅದು ಇದೇ ಅನ್ನಿಸಿತು. ಬೇರೆ ಯಾರೇ ಮಾಡಿದ್ದರೂ ಹೋಗಲಿ ಬಿಡು ಅನ್ನಬಹುದಿತ್ತು. ಇವನ ಮೂಗು ಒರೆಸಿದ ಕೈಯಿದು.

ಸಂಜೆ ಮನೆಗೆ ಹೋದಾಗ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಮಗಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದ. ಅತ್ತೆ ಬಂದಳು ಎಂದು ಮಗು ಪುಸ್ತಕ ಹಿಡಿದು ಓಡಿಬಂತು. ಅದನ್ನು ತಾಯಿಯ ಹತ್ತಿರ ಕಳಿಸಿ, ಬಾಗಿಲು ಮುಂದೆ ಮಾಡಿ, ಆ ನಾಲ್ಕು ಸಾಲನ್ನು ಬರೆದ ಕಾಗದ ಅವನ ಮುಂದಿಟ್ಟಳು. ಇಲ್ಲ ಅನ್ನುತ್ತಾನೆಂದು ನಂಬಿದ್ದಳು, ಇಲ್ಲ ಅನ್ನಲಿ ಎಂದೇ ಬಯಸಿದ್ದಳು. ಅವನು ಇಲ್ಲ ಅನ್ನಲಿಲ್ಲ.

ಹೇಗಿದ್ದರೂ ಮುಚ್ಚುವವರೇ ಅಂದ. ಈ ಸಲ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ನೆಪ, ಯಾರಿಗೂ ಕೆಟ್ಟ ಹೆಸರು ಬಾರದ ಹಾಗೆ ಮುಗಿದುಹೋಗಲಿ ಎಂದು ನಿರ್ದೇಶಕರು ಅಂದರು, ಯಂತ್ರಕ್ಕೆ ವಯಸ್ಸಾಯಿತು ಅಂದರೆ ನಿನ್ನನ್ನೂ ಯಾರೂ ಬೈಯುವುದಿಲ್ಲ ಅಂದ. ಇಡೀ ಕಂಪ್ಯೂಟರ್ ವಿಭಾಗವನ್ನು ಅವನ ಕೈಗೆ ಕೊಡುವುದಾಗಿ ಮಾತಾಗಿತ್ತಂತೆ. ಅದನ್ನು ಹೇಳುವಾಗ ಮಾತ್ರ ಅವನ ದನಿ ಸಣ್ಣದಾಯಿತು.

“ಹನ್ನೊಂದು ವರ್ಷ ಬೂಟಮ್ಮನ ತಮ್ಮ ಅನ್ನಿಸ್ಕೊಂಡೆ ಅಕ್ಕ,” ಅಂದ. “ನಾನು ಏನು ಮಾಡಿದ್ರೂ ನಿನ್ನ ಹೆಸರಿಗೇ ಹೋಯ್ತು. ಒಂದ್ಸಲನಾದ್ರೂ ನನ್ನ ಹೆಸರಲ್ಲಿ ಏನಾದ್ರೂ ಆಗ್ಲಿ ಅನ್ನಿಸಲ್ವಾ?”

“ಕೇಳಿದ್ರೆ ನಾನೇ ಎದ್ದು ಕುರ್ಚಿ ಬಿಟ್ಟುಕೊಡ್ತಿದ್ದೆ ಕಣೋ,” ಅಂದಳು ಅವಳು. ಅದು ನಿಜವೂ ಆಗಿತ್ತು.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಅದನ್ನು ಸೂಚಿಸಿದವಳು ಅವಳೇ. ನಾಡಿದ್ದು ಸಮಿತಿ ಕೂಡುತ್ತದೆ. ಕೆಡಿಸಬೇಕೆಂದೇ ಕೆಡಿಸಿದೆ ಎಂದು ಅವನು ಹೇಳಬೇಕಾಗಿಲ್ಲ, ಅವಳೂ ಹೇಳುವುದಿಲ್ಲ. ಪರೀಕ್ಷೆಗೆಂದು ಬರೆದಿಟ್ಟ ಬೇರೆ ಫೈಲು ಅವಸರದಲ್ಲಿ ಕೈತಪ್ಪಿ ಹೋಯಿತು ಅಂದರೆ ಸಾಕು. ಒಂದು ಎಚ್ಚರಿಕೆಯ ಕಾಗದ ಬರಬಹುದು, ಅಷ್ಟೇ. ಆಸ್ಪತ್ರೆಗಳು ಉಳಿಯುತ್ತವೆ. ಅವನು “ಆಯ್ತು. ಹೇಳ್ತೀನಿ,” ಅಂದ. ಅವಳಿಗೆ ಆಗ ಕಣ್ಣು ತುಂಬಿ ಬಂತು. ಏನೇ ಆಗಲಿ ನಮ್ಮವನು, ದಾರಿ ತಪ್ಪಿದ್ದ, ಈಗ ತಿರುಗಿ ಬಂದ ಅಂದುಕೊಂಡಳು. ತಟ್ಟೆ ಹಾಕಿ ಅವನಿಗೆ ಊಟ ಬಡಿಸಿದವಳೂ ಅವಳೇ. ಇಂಥವಳಿಗೆ ಏನೆನ್ನಬೇಕು ಹೇಳಿ!

ಸಮಿತಿ ಕೂತದ್ದು ಮೂರನೆಯ ಮಹಡಿಯ ಕೋಣೆಯಲ್ಲಿ. ಡಾಕ್ಟರಮ್ಮನ ಬಲಗಡೆ ನಿರ್ದೇಶಕ, ಎದುರಿಗೆ ಬೂಟಮ್ಮ ಮತ್ತು ತಮ್ಮ. ಮುಚ್ಚುವ ಕಾಗದ ಆಗಲೇ ಟೈಪಾಗಿ ಮೇಜಿನ ಮೇಲಿತ್ತು. ಬೂಟಮ್ಮ ಎದ್ದು ನಿಂತು, ಯಂತ್ರಗಳು ಸತ್ತಿಲ್ಲ, ಅವಕ್ಕೆ ತಿಳಿಯದ ನಾಲ್ಕು ಸಾಲು ಆ ದಿನದ ಚೀಟಿಯಲ್ಲಿ ಸೇರಿಹೋಗಿತ್ತು, ತೆಗೆದರೆ ಎಲ್ಲವೂ ಏಳುತ್ತವೆ, ಬೇಕಾದರೆ ನಾಳೆಯೇ ನೋಡಿ ಎಂದಳು. ಹೇಗೆ ಸೇರಿತು ಎಂದು ಡಾಕ್ಟರಮ್ಮ ಕೇಳಿದಳು. ಬೂಟಮ್ಮ ತಮ್ಮನ ಕಡೆ ತಿರುಗಿದಳು.

ತಮ್ಮ ಎದ್ದ. ಅಂಗಿಯ ತೋಳು ಸರಿಮಾಡಿಕೊಂಡ. ನಿರ್ದೇಶಕ ತಲೆಯೆತ್ತಿ ಅವನನ್ನೊಮ್ಮೆ ನೋಡಿದ, ಅಷ್ಟೇ ಸಾಕಾಯಿತು.

“ಮೇಡಂ ಕೊಟ್ಟ ಫೈಲನ್ನೇ ನಾನು ಹಾಕಿದ್ದು,” ಅಂದ.

ಮೇಡಂ ಅಂದ. ಹುಟ್ಟಿದಾಗಿನಿಂದ ಅಕ್ಕ ಎಂಬುದನ್ನು ಬಿಟ್ಟರೆ ಬೇರೊಂದು ಮಾತಿನಲ್ಲಿ ಕರೆಯದವನು, ಹನ್ನೊಂದು ವರ್ಷ ಆಫೀಸಿನಲ್ಲೂ ಎಲ್ಲರೆದುರು ಅಕ್ಕ ಅನ್ನುತ್ತಿದ್ದವನು, ಮೇಡಂ ಅಂದ. ಬೂಟಮ್ಮನಿಗೆ ಉಳಿದದ್ದು ಕಿವಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಹಳೆಯ ಯಂತ್ರಗಳಿಗೆ ಏನೇನು ಆಗುವುದಿಲ್ಲವೆಂದು ಬರೆದ ಪುಸ್ತಕವೊಂದು ಇದೆಯಂತಲ್ಲ, ನಿಮಗೆ ಗೊತ್ತಿತ್ತೋ ಎಂದು ಡಾಕ್ಟರಮ್ಮ ಕೇಳುತ್ತಿದ್ದಳು. ಇದೆಯೆಂದು ಕೇಳಿದ್ದೇನೆ, ಮೇಡಂ ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಾರೆ, ನಾನು ಕಣ್ಣಲ್ಲೂ ನೋಡಿಲ್ಲ ಎಂದು ಅವನು ಹೇಳುತ್ತಿದ್ದ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ಬರೆದುಕೊಂಡವನು ಹೇಳುತ್ತಿದ್ದ ಮಾತಿದು. ಸರ್ವರಿನ ದಾಖಲೆಯಲ್ಲಿ ಯಾರ ಹೆಸರಿದೆಯೆಂದು ನಿರ್ದೇಶಕ ಮೆಲ್ಲಗೆ ಕೇಳಿದ. ಮೇಡಂ ಹೆಸರೇ ಇದೆ ಅಂದ ತಮ್ಮ. ಅದೂ ಸುಳ್ಳಲ್ಲ.

ನಿರ್ದೇಶಕ ಹಿಂದಕ್ಕೆ ಒರಗಿ, ಹಳೆಯ ಯಂತ್ರಗಳ ಮೇಲಿನ ಮೋಹದಿಂದ ಇವರು ಇಲ್ಲದ ನಾಲ್ಕು ಸಾಲನ್ನು ಹುಟ್ಟಿಸುತ್ತಿದ್ದಾರೆ, ವಯಸ್ಸಾದದ್ದು ವಯಸ್ಸಾಯಿತು, ಸಹಿ ಹಾಕಿ ಮುಗಿಸೋಣ ಎಂದ. ಡಾಕ್ಟರಮ್ಮ ಸಹಿ ಹಾಕಲಿಲ್ಲ, ಪೆನ್ನನ್ನು ಕೆಳಗೂ ಇಡಲಿಲ್ಲ.

“ನೋಡೀಮ್ಮ,” ಅಂದಳು ಬೂಟಮ್ಮನಿಗೆ. “ಯಂತ್ರದ್ದೇ ದೋಷ ಅಂದ್ರೆ ನಾನು ಇವತ್ತೇ ಸಹಿ ಹಾಕಬೇಕು. ಬರೆದವರ ದೋಷ ಅಂದ್ರೆ ಬರೆದವರು ಯಾರು ಅಂತ ನನಗೆ ಬೇಕು, ಒಪ್ಪಿಕೊಂಡ್ರೆ ನಾಳೆನೇ ಇನ್ನೊಂದ್ಸಲ ಪರೀಕ್ಷೆ. ಯಾರೋ ಸೇರಿಸಿದ್ರು ಅಂದ್ರೆ ವಿಚಾರಣೆ ಆಗಬೇಕು. ಅದಕ್ಕೆ ಆರು ತಿಂಗಳು. ಅಲ್ಲೀವರೆಗೆ ಒಂಬತ್ತೂ ಮುಚ್ಚಿರ್ತವೆ. ಯೋಚನೆ ಮಾಡಿ ಹೇಳಿ.”

ಯೋಚನೆ ಮಾಡಲು ಏನಿತ್ತು? ಇವನೇ ಬರೆದದ್ದು ಅಂದರೆ, ಅವನು ಇಲ್ಲ ಅನ್ನುತ್ತಾನೆ, ದಾಖಲೆ ಅವಳ ಹೆಸರು ಹೇಳುತ್ತದೆ, ವಿಚಾರಣೆ ನಡೆಯುತ್ತದೆ. ಆರು ತಿಂಗಳಲ್ಲಿ ದಿನಾ ಮಾತ್ರೆ ನುಂಗಬೇಕಾದವರಲ್ಲಿ ಎಷ್ಟು ಜನ ಉಳಿದಿರುತ್ತಾರೆ? ಯಂತ್ರದ ದೋಷವಲ್ಲ ಎಂದು ಇವತ್ತೇ, ಈ ಮೇಜಿನ ಮೇಲೇ ತೀರ್ಮಾನವಾಗಬೇಕು. ಅವಳು ತಮ್ಮನ ಮುಖ ನೋಡಿದಳು. ಒಂದು ಕ್ಷಣ ಅವನು ಕಣ್ಣೆತ್ತಿದ್ದರೂ ಏನಾಗುತ್ತಿತ್ತೋ. ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

“ನಾನೇ ಬರೆದೆ,” ಅಂದಳು ಬೂಟಮ್ಮ. “ಹಳೇ ಯಂತ್ರದ ಮೇಲೆ ಪರೀಕ್ಷೆ ಮಾಡದೆ ಕಳಿಸಿಬಿಟ್ಟೆ. ಯಂತ್ರದ್ದೇನೂ ತಪ್ಪಿಲ್ಲ.”

ಪರೀಕ್ಷೆ ಮಾಡದೆ ಕಳಿಸಿಬಿಟ್ಟೆ ಎಂದು ಬೂಟಮ್ಮ ಅಂದಳು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಮಾಡದ ತಪ್ಪನ್ನು ತಾನೇ ಬಾಯಾರೆ ಹೇಳಿ, ಕಾಗದದಲ್ಲಿ ಬರೆದು, ಸಹಿ ಹಾಕಿಕೊಟ್ಟಳು. ನಿರ್ದೇಶಕನ ಮುಖ ಹುಳ್ಳಗಾಯಿತು. ಡಾಕ್ಟರಮ್ಮನಿಗೆ ಏನೋ ಅನುಮಾನ ಬಂದಿರಬೇಕು, ಆದರೆ ಮುಂದೆ ಕೇಳಲಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಪರೀಕ್ಷೆ, ಈಕೆ ಸರ್ವರನ್ನು ಮುಟ್ಟಕೂಡದು, ಸಮಿತಿಯ ಎದುರಿನಲ್ಲಿ ಈಕೆಯ ತಮ್ಮನೇ ಸರಿಯಾದ ಫೈಲ್ ಹಾಕಲಿ ಎಂದು ಆದೇಶವಾಯಿತು. ಬೂಟಮ್ಮನನ್ನು ಕಂಪ್ಯೂಟರ್ ವಿಭಾಗದಿಂದ ತೆಗೆದು ಹಳೆಯ ಕಾಗದಗಳ ದಾಖಲೆ ಕೋಣೆಗೆ ಹಾಕಿದರು.

ಕೋಣೆಯಿಂದ ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ತಮ್ಮ ನಿಂತಿದ್ದ. ಅಕ್ಕ ಅಂದ. ಅವಳು ನಿಂತಳು.

“ಒಳಗೆ ಕರೆದ ಹಾಗೇ ಕರಿ,” ಅಂದು ಇಳಿದು ಹೋದಳು.

ಆ ರಾತ್ರಿ ಅವಳು ಮನೆಗೆ ಹೋಗಲಿಲ್ಲ. ಆಸ್ಪತ್ರೆಯ ನರ್ಸುಗಳ ವಸತಿಯಲ್ಲಿ ಒಂದು ಹಾಸಿಗೆ ಕೇಳಿ ಪಡೆದಳು. ಮರುದಿನ ಬೆಳಿಗ್ಗೆ ಎಂಟೂವರೆಗೇ ದಾಖಲೆ ಕೋಣೆಗೆ ಬಂದು ಕೂತಳು. ಉದ್ದನೆಯ ಕೋಣೆ, ಮಾಡಿನವರೆಗೆ ಕಬ್ಬಿಣದ ಕಪಾಟು, ನುಸಿ ಹಿಡಿದ ಫೈಲುಗಳ ವಾಸನೆ. ಮೇಜಿನ ಮೇಲೆ ತಂತಿಯ ಫೋನೊಂದಿತ್ತು. ಒಂಬತ್ತಾಯಿತು. ಒಂಬತ್ತೂ ಐದಾಯಿತು. ನಾಚಿಕೆಗೆಟ್ಟವನು ಇನ್ನೊಮ್ಮೆ ಕೆಡಿಸಿದರೆ ಏನು ಗತಿ ಎಂಬ ಯೋಚನೆ ಬಂದದ್ದೇ ಅವಳಿಗೆ ಅವಮಾನವೆನಿಸಿತು. ಒಂಬತ್ತೂವರೆಗೆ ಫೋನು ಹೊಡೆದುಕೊಂಡಿತು. ನರ್ಸಮ್ಮ.

“ಎರಡೂ ಎದ್ದ್ವು,” ಅಂದಳು. “ಎಲ್ಲಾ ಕಡೆನೂ ಎದ್ದಿವೆಯಂತೆ. ಮುಚ್ಚಲ್ಲ ಅಂತ ಡಾಕ್ಟರಮ್ಮ ಈಗ ತಾನೇ ಫೋನ್ ಮಾಡಿ ಹೇಳಿದ್ರು.”

ಬೂಟಮ್ಮ ಕಣ್ಣು ಮುಚ್ಚಿಕೊಂಡಳು. ಸಂತೋಷ ಅನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆಯಿಂದ ದನಿ ಬದಲಾಯಿತು.

“ಸುಮ್ನಿರೋಕಾಗಲ್ಲ, ಕೇಳ್ತೀನಿ. ಯಾಕೆ ಹೀಗ್ ಮಾಡಿದ್ರಿ ಬೂಟಮ್ಮ? ಹದಿನಾಲ್ಕು ವರ್ಷ ಕಣ್ಮುಚ್ಚಿ ನಂಬಿದ್ದೆ ನಿಮ್ಮನ್ನ. ನೂರಮೂವತ್ತು ಜನರ ಜೀವ ಅದು. ಒಂದ್ಸಲ ಪರೀಕ್ಷೆ ಮಾಡಿ ನೋಡೋಕೆ ಏನಾಗಿತ್ತು ನಿಮಗೆ?”

ಬೂಟಮ್ಮನ ನಾಲಿಗೆಯ ತುದಿಗೆ ಎಲ್ಲವೂ ಒಮ್ಮೆಲೇ ಬಂತು. ನಾಲ್ಕು ಸಾಲು, ಸ್ಟೂಲು, ಮೇಡಂ ಎಂಬ ಮಾತು, ಎಲ್ಲ. ಒಂದು ಮಾತು ಸಾಕಿತ್ತು. ಆದರೆ ನರ್ಸಮ್ಮ ನ್ಯಾಯವಂತೆ, ಕೇಳಿದರೆ ಸುಮ್ಮನಿರುವವಳಲ್ಲ, ನೇರ ಡಾಕ್ಟರಮ್ಮನ ಹತ್ತಿರ ಹೋಗುತ್ತಾಳೆ. ತಪ್ಪೊಪ್ಪಿಗೆಯ ಕಾಗದ ಸುಳ್ಳೆಂದಾದರೆ ವಿಚಾರಣೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

“ತಪ್ಪಾಯ್ತು,” ಅಂದಳು.

“ನಿಮ್ಮ ತಮ್ಮ ಇದ್ದದ್ದು ನಮ್ಮ ಪುಣ್ಯ. ಕೂತು ಎಲ್ಲಾ ಸರಿ ಮಾಡಿದ್ರಂತೆ. ಇಲ್ಲದಿದ್ರೆ ಏನ್ ಗತಿಯಾಗ್ತಿತ್ತೋ.” ನರ್ಸಮ್ಮನ ಹಿಂದೆ ಬೆಂಚು ಸರಿದ ಸದ್ದು, ಯಾರೋ ಕೆಮ್ಮಿದ್ದು ಕೇಳಿಸಿತು. “ಜನ ಬಂದಿದಾರೆ, ಇಡ್ತೀನಿ. ಇನ್ಮೇಲೆ ಏನೇ ಆದ್ರೂ ಅವರಿಗೇ ಫೋನ್ ಮಾಡ್ತೀನಿ. ಬೇಜಾರು ಮಾಡ್ಕೋಬೇಡಿ.”

“ಹಾಗೇ ಮಾಡಿ,” ಅಂದಳು ಬೂಟಮ್ಮ.